ಅಮಾಸಿ ಜ್ವರ

ಮಾರೆವ್ವನ ಬಾಯಿ ಕೆಟ್ಟದ್ದು ಎಂದು ಬೇವೂರಿನವರೂ ಹೇಳುತ್ತಿದ್ದರು, ಕಾಲುವೆ ಕೆಳಗಿನ ಕ್ಯಾಂಪಿನವರೂ ಹೇಳುತ್ತಿದ್ದರು. ಹೇಳಲಿ ಬಿಡಿ. ಹದಿನೆಂಟು ಹೆಂಗಸರ ನಾಟಿ ಗ್ಯಾಂಗನ್ನು ಮೂಡಲು ಕೆಂಪಾಗುವ ಹೊತ್ತಿಗೆ ಟಂಟಂ ಆಟೋ ಹತ್ತಿಸಿ, ಮೊಣಕಾಲುದ್ದ ಕೆಸರಿನ ಮಡಿಗೆ ಇಳಿಸಿ, ಹೊತ್ತು ಮುಳುಗುವುದರೊಳಗೆ ನಾಲ್ಕೆಕರೆ ಭತ್ತ ಹಚ್ಚಿಸುವುದು ಮೆತ್ತನೆಯ ಬಾಯಿಯವರ ಕೆಲಸವಲ್ಲ. ಗಂಡ ಸತ್ತ ಮೇಲೆ ಬೇವೂರಿನ ಕೆಂಪು ಮಸಾರಿ ಹೊಲ ಬಿಟ್ಟು, ಮಗ ಗವಿಸಿದ್ದೇಶನನ್ನೂ ಅಕ್ಕ ಗಾಳೆಮ್ಮನನ್ನೂ ಕಟ್ಟಿಕೊಂಡು ಶ್ರೀರಾಮನಗರದ ಆಚೆ ಕಾಲುವೆ ದಂಡೆಗೆ ಬಂದು ತಗಡಿನ ಶೆಡ್ಡು ಹಾಕಿದವಳು ಅವಳು. ಹಿಂದೆಯೇ ಊರಿನ ಹೆಂಗಸರು ಬಂದರು. ಅವಳ ಬೈಗುಳ ತಿನ್ನುತ್ತಲೇ ಅವಳ ಗ್ಯಾಂಗು ಆದರು.

ಅಂಥ ಮಾರೆವ್ವನ ಬಾಯಿ ಶ್ರಾವಣದ ಆ ಬುಧವಾರ ಕಟ್ಟಿಹೋಗಿತ್ತು. ಕಟ್ಟಿಸಿದವಳು ಮೂರು ದಿನದ ಮೊಮ್ಮಗಳು.

ಹಸಿವಿನ ಅಳು ಮಾರೆವ್ವನಿಗೆ ಗೊತ್ತು, ಹೊಟ್ಟೆನೋವಿನ ಅಳೂ ಗೊತ್ತು. ಇದು ಅವೆರಡೂ ಅಲ್ಲ. ತಗಡಿಗೆ ಮೊಳೆ ಗೀಚಿದಂಥ ಕೀರಲು ದನಿ, ಬೆಳಗಿನಿಂದ ನಿಂತೇ ಇಲ್ಲ. ಮೊಲೆ ಬಾಯಿಗಿಟ್ಟರೆ ಆತುರದಿಂದ ಕಚ್ಚುತ್ತಿತ್ತು, ನಾಲ್ಕು ಸಲ ಚೀಪಿ ಬಿಟ್ಟು ಮತ್ತೆ ಕಿರುಚುತ್ತಿತ್ತು. ಮುಷ್ಟಿ ಬಿಗಿದದ್ದು ಸಡಿಲವಾಗಲೊಲ್ಲದು. ಕೈಕಾಲು ನಡುಗುತ್ತಿದ್ದವು. ಮೂಗು ಸುರಿಯುತ್ತಿತ್ತು, ಸಾಲಾಗಿ ಏಳೆಂಟು ಸೀನು, ನಡುನಡುವೆ ಆಕಳಿಕೆ, ಕೆಳಗೆ ಹಾಸಿದ ಬಟ್ಟೆಯೆಲ್ಲ ನೀರುನೀರು. ಗಂಗಾವತಿಯ ಆಸ್ಪತ್ರೆಯಲ್ಲಿ ಇನ್ನೆರಡು ದಿನ ಇರಿ ಎಂದಿದ್ದರು. ನಾಟಿ ಭರದಲ್ಲಿದೆ ಎಂದು ಎರಡನೇ ದಿನಕ್ಕೇ ಹಟ ಮಾಡಿ ಬಿಡಿಸಿಕೊಂಡು ಬಂದವಳು ಮಾರೆವ್ವನೇ. ಚೊಚ್ಚಲ ಬಾಣಂತನ ತವರಿನದು ನಿಜ. ಆದರೆ ಸೊಸೆ ಕವಿತಾಳ ತವರು ತಳಕಲ್ಲಿನಲ್ಲಿ ತಾಯಿ ಇರಲಿಲ್ಲ. "ತಾಯಿ ಇಲ್ಲಂದ್ರ ಏನಾತು, ನಾ ಸತ್ತೀನೇನು?" ಎಂದು ಮಾರೆವ್ವ ತಾನೇ ಇಟ್ಟುಕೊಂಡಿದ್ದಳು.

ಒಲೆಯ ಮುಂದೆ ಗಾಳೆಮ್ಮ ಕೂತಿದ್ದಳು. ಬೇವೂರಿನ ಸುತ್ತ ಯಾವ ಕೂಸು ಅತ್ತರೂ ಬರೆ ಹಾಕಲು ಕರೆಯುತ್ತಿದ್ದದ್ದು ಅವಳನ್ನೇ. ಗವಿಸಿದ್ದೇಶನ ಹೊಕ್ಕಳಿನ ಸುತ್ತ ಇಂದಿಗೂ ಇರುವ ಮೂರು ಗೆರೆ ಅವಳದೇ ಕೈಕೆಲಸ. ಇಕ್ಕಳದಲ್ಲಿ ಗಾಜಿನ ಬಳೆಯ ಚೂರು ಹಿಡಿದು ಕೆಂಡದಲ್ಲಿ ಕಾಯಿಸುತ್ತಿದ್ದಳು.

"ಗಾಳಿ ಹೊಕ್ಕೈತಿ ಇದಕ್ಕ. ಹೊಟ್ಟಿ ಮ್ಯಾಲ ನಾಕು ಬರಿ ಎಳದ್ರ ಸಂಜಿಮಟ ಮೊಲಿ ಹಿಡಿತೈತಿ. ಮಾರಿ, ಕಾಲು ಹಿಡಕೋ ಬಾ."

ಮಾರೆವ್ವ ಕೂಸಿನ ಎರಡೂ ಕಾಲು ಹಿಡಿದಳು. ಕೈಯೊಳಗೆ ಆ ಎಳೆಯ ಕಾಲುಗಳು ನಡುಗಿದಾಗ ಅವಳಿಗೆ ಹೋದ ವರ್ಷದ ಇನ್ನೊಂದು ಜೋಡಿ ಕಾಲು ನೆನಪಾಯಿತು. ನೆನಪಾಗಬಾರದೆಂದು ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಕವಿತಾ ಎದ್ದಳು. ಮದುವೆಯಾಗಿ ಎರಡು ವರ್ಷ, ಅತ್ತೆಯ ಎದುರು "ಹೂಂ" ಬಿಟ್ಟು ಬೇರೆ ಮಾತಾಡಿದವಳಲ್ಲ. ಗೋಡೆ ಹಿಡಿದು ಎದ್ದವಳು ಸೀದಾ ಬಂದು ಗಾಳೆಮ್ಮನ ಕೈಯಿಂದ ಇಕ್ಕಳ ಕಿತ್ತುಕೊಂಡು, ಬಳೆಚೂರಿನ ಸಮೇತ ನೀರಿನ ಬಕೆಟ್ಟಿಗೆ ಎಸೆದಳು. ಚುರ್ ಎಂದಿತು.

"ದೊಡ್ಡತ್ತಿ, ನನ್ನ ಕೂಸಿನ ಮೈ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಇದ ಇಕ್ಕಳದಾಗ ನಿಮ್ಮ ಬೊಟ್ಟು ಹಿಡಿತೀನಿ."

"ನೋಡಿದೇನ ಮಾರಿ ನಿನ್ನ ಸೊಸಿ ದಿಮಾಕು!" ಗಾಳೆಮ್ಮ ಸೆರಗು ಕೊಡವಿ ಎದ್ದಳು. "ನಾಳಿ ಕೂಸು ಕೈಗೆ ಸಿಗಲಿಲ್ಲಂದ್ರ ನನ್ನ ಹೆಸರು ಹೇಳಬ್ಯಾಡ್ರಿ." ಹೇಳಿ ತನ್ನ ಶೆಡ್ಡಿಗೆ ಹೋದಳು.

ಮಾರೆವ್ವನಿಗೆ ಸೊಸೆಯ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ತನ್ನ ಕೈಯಲ್ಲಿದ್ದ ಕಾಲುಗಳನ್ನು ಬಿಡಿಸಿದ್ದಕ್ಕೆ ಅವಳಿಗೆ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಮಧ್ಯಾಹ್ನದ ಹೊತ್ತಿಗೆ ಕವಿತಾಳ ಆರ್ಭಟ ಇಳಿದಿತ್ತು. ಮೂಲೆಯಲ್ಲಿ ಮುದುಡಿ ಕೂತಿದ್ದಳು. ಸೆಕೆಯ ದಿನ, ತಗಡಿನ ಕೆಳಗೆ ಬೆವರು ಸುರಿಯುತ್ತಿದ್ದರೂ ಅವಳ ತೋಳಿನ ಮೇಲೆ ಮುಳ್ಳೆದ್ದಿತ್ತು. ಆಕಳಿಸಿದಳು, ಮತ್ತೆ ಆಕಳಿಸಿದಳು, ಸೆರಗಿನಿಂದ ಮೂಗೊರೆಸಿಕೊಂಡಳು.

"ಅತ್ತಿ, ಕಾಲು ಸೆಳಿಯಾಕ ಹತ್ಯಾವು. ಅಮಾಸಿ ಜ್ವರ ಬಂದಂಗ ಆಗೇತಿ ನೋಡ್ರಿ."

"ಹುಚ್ಚಿ, ಅಮಾಸಿ ಇನ್ನೂ ಒಂಬತ್ತು ದಿನ ಐತಿ," ಎಂದಳು ಮಾರೆವ್ವ. ಬಾಣಂತಿಗೆ ಟೊಂಕ ನೋಯುತ್ತಿರಬೇಕೆಂದು ಚಹಾ ಕಾಸಿ, ತನ್ನ ಅಡಿಕೆಲೆ ಡಬ್ಬಿಯಿಂದ ಒಂದು ಟೊಂಕದ ಗುಳಿಗೆ ತೆಗೆದು ಕೊಟ್ಟಳು.

ಟೊಂಕದ ಗುಳಿಗೆಯ ವಿಷಯ ಇಲ್ಲಿ ಹೇಳಲೇಬೇಕು. ದಿನ ಬೆಳಗಾದರೆ ಮೇಸ್ತ್ರಿ ಹುಲಿಗೆಪ್ಪ ಚಹಾದ ಕ್ಯಾನು ಹಿಡಿದು ಹೊಲದ ಬದುವಿಗೆ ಬರುತ್ತಿದ್ದ. ಚಹಾದ ಜೊತೆ ಒಬ್ಬೊಬ್ಬರಿಗೆ ಒಂದು ಬಿಳಿ ಗುಳಿಗೆ. ಗುಳಿಗೆಯ ಪಟ್ಟಿಗಳನ್ನು ಅವನು ಮಾರೆವ್ವನ ಕೈಗೆ ಕೊಡುವನು, ಮಾರೆವ್ವ ಹಂಚುವಳು. ನುಂಗಿ ಒಂದು ಗಳಿಗೆಯಾದರೆ ಮೈಗೆ ಟೊಂಕವೊಂದು ಇದೆ ಎಂಬುದೇ ಮರೆತುಹೋಗುತ್ತಿತ್ತು, ಕೈ ತಾನೇ ಸಸಿ ಹಚ್ಚುತ್ತಿತ್ತು. ನಾಟಿ ಮುಗಿದರೆ ಕಳೆ, ಕಳೆ ಮುಗಿದರೆ ಮೆಣಸಿನಕಾಯಿ, ಕೆಲಸ ಯಾವುದಾದರೂ ಗುಳಿಗೆ ತಪ್ಪುತ್ತಿರಲಿಲ್ಲ. ಬಸುರಿ ಟೊಂಕ ಎರಡು ಪಟ್ಟು ನೋಯುತ್ತದೆಂದು ಮಾರೆವ್ವ ಗ್ಯಾಂಗಿನಲ್ಲೇ ದುಡಿಯುತ್ತಿದ್ದ ಕವಿತಾಳಿಗೆ ಎರಡು ಕೊಡುತ್ತಿದ್ದಳು, ಅದೂ ಪ್ರೀತಿಯಿಂದ. ಹೆರಿಗೆಗೆ ಹೋದಾಗ ಏನೇನು ಔಷಧ ತಗೊಂಡಿದ್ದೀ ಎಂದು ಆಸ್ಪತ್ರೆಯಲ್ಲಿ ಕೇಳಿದರೆ, ಕಬ್ಬಿಣಾಂಶದ ಗುಳಿಗೆ ಅಷ್ಟೇ ಎಂದು ಕವಿತಾ ಹೇಳಿದ್ದಳು. ಸುಳ್ಳು ಹೇಳಬೇಕೆಂದಲ್ಲ. ಚಹಾದ ಜೊತೆ ಬರುವುದನ್ನು ಗ್ಯಾಂಗಿನಲ್ಲಿ ಯಾರೂ ಔಷಧ ಎಂದುಕೊಂಡಿರಲಿಲ್ಲ.

ಗುಳಿಗೆ ನುಂಗಿದ ಒಂದು ತಾಸಿಗೆ ಕವಿತಾ ಚೇತರಿಸಿಕೊಂಡಳು. ಕೂಸನ್ನು ಎತ್ತಿ ಮೊಲೆಗಿಟ್ಟುಕೊಂಡಳು. ಇನ್ನೊಂದಿಷ್ಟು ಹೊತ್ತು ಹೋಯಿತು. ಬೆಳಗಿನಿಂದ ಮೊದಲ ಸಲ ಕೂಸಿನ ಮುಷ್ಟಿ ಸಡಿಲಾಯಿತು, ನಡುಕ ಕಡಿಮೆಯಾಯಿತು, ಕಣ್ಣು ಮುಚ್ಚಿ ಮಲಗಿತು. ದೇವಿ ಹುಲಿಗೆಮ್ಮ ಕಣ್ಣು ಬಿಟ್ಟಳೆಂದು ಮಾರೆವ್ವ ಊದಿನಕಡ್ಡಿ ಹಚ್ಚಿ ಕೈಮುಗಿದಳು.

ಮರುದಿನ ಬೆಳಿಗ್ಗೆ ಕೂಸು ಮತ್ತೆ ಅದೇ ದನಿಯಲ್ಲಿ ಕಿರುಚಿತು. ಮೂಲೆಯಲ್ಲಿ ಕವಿತಾ ಆಕಳಿಸುತ್ತಿದ್ದಳು. ಕೂಸು ಆಕಳಿಸಿತು. ಕವಿತಾ ಮೂಗೊರೆಸಿಕೊಂಡಳು. ಕೂಸು ಸೀನಿತು. ಇಬ್ಬರ ಕಾಲೂ ನಡುಗುತ್ತಿದ್ದವು. ನೋಡುತ್ತ ನಿಂತ ಮಾರೆವ್ವನಿಗೂ ಬಾಯಿ ತುಂಬ ಆಕಳಿಕೆ ಬಂತು. ಅವಳೂ ಬಾಣಂತನದ ನೆವದಲ್ಲಿ ನಾಲ್ಕು ದಿನದಿಂದ ಹೊಲಕ್ಕೆ ಹೋಗಿರಲಿಲ್ಲ. ಬದುವಿನ ಚಹಾ ಕುಡಿದಿರಲಿಲ್ಲ, ಗುಳಿಗೆಯನ್ನೂ ನುಂಗಿರಲಿಲ್ಲ. ತನ್ನ ಮೈನೋವು, ಹೊಟ್ಟೆ ಕೆಟ್ಟದ್ದು ಎಲ್ಲ ನಿದ್ದೆಗೆಟ್ಟದ್ದರಿಂದ ಎಂದು ತಿಳಿದಿದ್ದಳು.

ಒಂದೇ ಶೆಡ್ಡು, ಅಜ್ಜಿ, ಸೊಸೆ, ಮೊಮ್ಮಗಳು, ಮೂವರಿಗೂ ಅಮಾಸಿ ಜ್ವರ. ಹೊರಗೆ ಅಮಾವಾಸ್ಯೆ ಇಲ್ಲ.

ಅಮಾವಾಸ್ಯೆಯ ದಿನ ಯಾರೂ ಹೊಲಕ್ಕೆ ಇಳಿಯುವುದಿಲ್ಲ, ಕುಡುಗೋಲು ಮುಟ್ಟುವುದಿಲ್ಲ. ಅವತ್ತು ಗ್ಯಾಂಗಿಗೆ ರಜೆ, ಹುಲಿಗೆಪ್ಪನ ಕ್ಯಾನಿಗೂ ರಜೆ. ಸಂಜೆಯಾಗುತ್ತಲೇ ಶೆಡ್ಡುಶೆಡ್ಡಿನಲ್ಲೂ ಹೆಂಗಸರು ಮುಲುಗುತ್ತಿದ್ದರು. ಮೂಗು ಸೋರುವುದು, ಕಾಲು ಸೆಳೆಯುವುದು, ಸುಮ್ಮಸುಮ್ಮನೆ ಸಿಟ್ಟು, ಹೊಟ್ಟೆಯಲ್ಲಿ ತಳಮಳ. ಅಮಾಸಿ ಜ್ವರ ಎಂದು ಹೆಸರಿಟ್ಟವಳು ಮಾರೆವ್ವನೇ. ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದವಳೂ ಅವಳೇ. ಮರುದಿನ ಬದುವಿನ ಮೇಲೆ ಮೊದಲ ಚಹಾ ಗಂಟಲಿಗೆ ಇಳಿದರೆ ಜ್ವರ ಮಾಯ. "ಅಮಾಸಿ ಕಳೀತವ್ವ" ಎಂದು ಕೆಸರಿಗೆ ಇಳಿಯುತ್ತಿದ್ದರು. ದುಡಿಯುವವರಿಗಷ್ಟೇ ಬರುವ ಜ್ವರ ಎಂದು ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

ಡಬ್ಬಿ ಕೈಯಲ್ಲಿ ಹಿಡಿದು ಮಾರೆವ್ವ ನೆಲಕ್ಕೆ ಕೂತಳು. ಮುಚ್ಚಿಟ್ಟಿದ್ದ ನೆನಪು ಈಗ ಪೂರಾ ಬಂತು. ಹೋದ ವರ್ಷ ಮಹಾಲಯ ಅಮಾವಾಸ್ಯೆಯ ದಿನ, ಗ್ಯಾಂಗಿನ ಹುಲಗಮ್ಮನಿಗೆ ಗಂಡುಮಗು ಹುಟ್ಟಿತ್ತು. ಅದೂ ಹೀಗೆಯೇ ಕಿರುಚಿತ್ತು, ಹೀಗೆಯೇ ಸೀನಿತ್ತು. ಐದನೇ ದಿನ ಗಾಳೆಮ್ಮ ಬರೆ ಎಳೆದಿದ್ದಳು, ಮಾರೆವ್ವ ಕಾಲು ಹಿಡಿದಿದ್ದಳು. ಆರನೇ ದಿನ ಮಗು ತೀರಿಹೋಯಿತು. ಅಮಾಸಿ ಕೂಸು, ಅಮಾಸಿ ಒಯ್ತು ಎಂದರು ಎಲ್ಲರೂ. ಹೆಚ್ಚು ಗಟ್ಟಿಯಾಗಿ ಅಂದವಳು ಮಾರೆವ್ವ.

"ಅಯ್ಯೋ ನನ್ನ ಕೈಗೆ ಹುಳ ಬೀಳಲಿ," ಎಂದಳು. ಅಷ್ಟು ಹಲುಬಿದ್ದು ಸಾಕೆನಿಸಿತು. ಎದ್ದಳು.

ಗ್ಯಾಂಗನ್ನು ಹೊಲಕ್ಕೆ ಬಿಟ್ಟು ಗವಿಸಿದ್ದೇಶ ಟಂಟಂ ತಂದು ನಿಲ್ಲಿಸಿದಾಗ ಅವನ ಪಕ್ಕದಲ್ಲಿ ಹುಲಿಗೆಪ್ಪ ಇದ್ದ. ಮಾರೆವ್ವ ಯಾವಾಗ ಕೆಲಸಕ್ಕೆ ಬರುತ್ತಾಳೆ ಎಂದು ಕೇಳಲು ಬಂದವನು. ಅವಳು ಇಬ್ಬರಿಗೂ ಇದ್ದದ್ದು ಇದ್ದ ಹಾಗೆ ಹೇಳಿದಳು, ಕೂಸನ್ನು ಆಸ್ಪತ್ರೆಗೆ ಒಯ್ಯಬೇಕು ಎಂದಳು.

ಹುಲಿಗೆಪ್ಪನ ಮುಖ ಸಣ್ಣದಾಯಿತು. "ಒಯ್ಯಿ ಅಕ್ಕಾ, ಬ್ಯಾಡ ಅನ್ನಂಗಿಲ್ಲ. ಆದ್ರ ಗುಳಿಗಿ ಸುದ್ದಿ ಎತ್ತಬ್ಯಾಡ. ಪೊಲೀಸರು ಬರ್ತಾರ. ಕೂಸಿನ್ನ ಸರಕಾರದೋರು ಕಸ್ಕೊಂತಾರ. ನಾನೂ ಹೋದೆ, ನಿನ್ನ ಗ್ಯಾಂಗೂ ಹೋತು."

"ಯವ್ವಾ, ಅಂವ ಹೇಳೂದು ಖರೆ ಐತಿ," ಎಂದ ಗವಿಸಿದ್ದೇಶ. "ಜ್ವರ ಅಂತ ಹೇಳೂಣು. ಔಷಧ ಕೊಡ್ತಾರ."

ಮಾರೆವ್ವ ಕೂಸನ್ನು ಕವಿತಾಳ ಮಡಿಲಿಗೆ ಹಾಕಿ, ಡಬ್ಬಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಟಂಟಂ ಹತ್ತಿದಳು. ಗಂಗಾವತಿ ಮುಟ್ಟುವವರೆಗೂ ಕೂಸಿನ ಬಟ್ಟೆಯ ತುದಿ ಹಿಡಿದೇ ಇದ್ದಳು. ಕೂಸನ್ನು ಕಸಿದುಕೊಳ್ಳುತ್ತಾರೆ ಎಂಬ ಮಾತು ಅವಳಿಗೂ ತಾಗಿತ್ತು.

ಮಕ್ಕಳ ಡಾಕ್ಟರು ದ್ರಾಕ್ಷಾಯಿಣಿ ಎನ್ನುವವರು. ಕೂಸನ್ನು ಬಿಚ್ಚಿ ನೋಡಿದರು, ಕೈಕಾಲು ಮಡಚಿ ಬಿಟ್ಟು ನೋಡಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಆಮೇಲೆ ಕವಿತಾಳ ಎದುರು ಸ್ಟೂಲು ಎಳೆದುಕೊಂಡು ಕೂತರು.

"ಬಸುರಿದ್ದಾಗ ಏನರ ತಗೋತಿದ್ದಿ ಏನವ್ವಾ? ಗುಳಿಗಿ, ಸೇಂದಿ, ಮತ್ತೇನರ? ಬೈಯಾಕ ಕೇಳಾಕ ಹತ್ತಿಲ್ಲ. ಗೊತ್ತಾದ್ರ ಕೂಸಿಗೆ ಸರಿ ಔಷಧ ಕೊಡಬಹುದು."

ಕವಿತಾ ಅತ್ತೆಯ ಮುಖ ನೋಡಿದಳು. ಗವಿಸಿದ್ದೇಶ ತಾಯಿಯ ಮೊಣಕೈ ಚಿವುಟಿ, "ಏನಿಲ್ರಿ ಮೇಡಮ್ಮಾರ, ಕಬ್ಬಿಣದ ಗುಳಿಗಿ ಅಷ್ಟ" ಎಂದ.

ಮಾರೆವ್ವ ಮಗನ ಕೈ ಕೊಡವಿ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದಳು. ಅಡಿಕೆ ಚೂರು, ಸುಣ್ಣದ ಡಬ್ಬಿ, ಅದರ ಜೊತೆ ಒಂದೂವರೆ ಪಟ್ಟಿ ಬಿಳಿ ಗುಳಿಗೆ.

"ಇದನ್ನ ತಿಂದಾಳ್ರಿ. ದಿನಕ್ಕ ಎರಡು. ಆಕಿ ಕೇಳಿ ತಿಂದಿಲ್ಲ, ನಾ ಕೊಟ್ಟು ತಿನಿಸೀನಿ. ಆಕಿ ಒಬ್ಬಾಕಿ ಅಲ್ಲ, ಹದಿನೆಂಟು ಮಂದಿಗೆ ತಿನಿಸೀನಿ, ನಾನೂ ತಿಂದೀನಿ. ಬರಕೊಳ್ರಿ ನನ್ನ ಹೆಸರು, ಮಾರೆವ್ವ. ಪೊಲೀಸರನ್ನ ಕರೀತೀರಿ, ಕರೀರಿ. ಆದ್ರ ಕೂಸಿನ್ನ ಇಕಿ ಮಡಿಲಿಂದ ಯಾರರ ಕಸ್ಕೊಳ್ಳಾಕ ಬಂದ್ರ, ಮೊದ್ಲ ನನ್ನ ಮೈ ಮ್ಯಾಲ ಹಾದು ಹೋಗಬೇಕಾಕ್ಕೈತಿ, ಅದನ್ನೂ ಬರಕೊಳ್ರಿ!"

ಡಾಕ್ಟರು ಪಟ್ಟಿಯನ್ನು ತಿರುಗಿಸಿ ಓದಿದರು. ಅವರ ಹುಬ್ಬು ಗಂಟಿಕ್ಕಿತು. ಆದರೆ ದನಿ ಏರಲಿಲ್ಲ.

"ಕೂಸಿನ್ನ ಯಾರೂ ಕಸ್ಕೊಳ್ಳಂಗಿಲ್ಲ ಮಾರೆವ್ವಾ, ಕೂಡ್ರು. ಇದು ಅಫೀಮಿನ ಬಳಗದ ಗುಳಿಗಿ. ತಾಯಿ ಹೊಟ್ಟ್ಯಾಗ ಇದ್ದಾಗ ಕೂಸಿಗೂ ದಿನಾ ಹೋಗೇತಿ. ಹುಟ್ಟಿದ ಮ್ಯಾಲ ಒಮ್ಮಿಂದೊಮ್ಮೆಲೆ ನಿಂತೈತಿ. ಅದಕ್ಕ ಹಿಂಗ ಅಳ್ತೈತಿ. ಇದು ಗಾಳಿ ಅಲ್ಲ, ಗ್ರಹ ಅಲ್ಲ. ಔಷಧ ಐತಿ."

ಮುಂದಿನ ದಿನಗಳು ಮಾರೆವ್ವನಿಗೆ ಹೊಸ ಕೆಲಸ ಕಲಿಸಿದವು. ಬೆಳಕು ಕಡಿಮೆ ಮಾಡಿದ ಕೋಣೆ. ಯಾರೂ ಜೋರಾಗಿ ಮಾತಾಡುವಂತಿಲ್ಲ. ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು, ಇಲ್ಲವೇ ತಾಯಿಯ ಬರಿಯ ಎದೆಗೆ ಒರಗಿಸಿ ಮೇಲೆ ಹೊದಿಸುವುದು. ಸ್ವಲ್ಪಸ್ವಲ್ಪವೇ, ಮತ್ತೆಮತ್ತೆ ಹಾಲು. ಔಷಧದ ಹನಿ, ಅದನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಬಂದರು. ಅತ್ತೆ ಸೊಸೆಯರಿಗೂ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದೆಂದು, ಬಿಡಿಸುವುದನ್ನು ತಾವೇ ನೋಡಿಕೊಳ್ಳುತ್ತೇವೆಂದು ಡಾಕ್ಟರು ಹೇಳಿದರು. ಜೀವಮಾನವಿಡೀ ಕೂಗಾಡಿದ ಮಾರೆವ್ವ ಪಿಸುಮಾತಿನಲ್ಲಿ ಬೈಯುವುದನ್ನು ಕಲಿತಳು.

ಪಕ್ಕದ ಮಂಚದ ಮುದುಕಿಯೊಬ್ಬಳು, "ಎಂಥಾ ತಾಯಿನೋ, ಹೊಟ್ಟ್ಯಾಗ ಕೂಸು ಇಟ್ಕೊಂಡು ನಶಾ ಮಾಡ್ಯಾಳಂತ" ಎಂದಳು. ಅದನ್ನು ಕೇಳಿದ ಗವಿಸಿದ್ದೇಶ ತಲೆ ತಗ್ಗಿಸಿಕೊಂಡು ಹೊರಗೆ ಬಂದ. ವರಾಂಡದಲ್ಲಿ ತಾಯಿಯನ್ನು ಹಿಡಿದ.

"ಕ್ಯಾಂಪಿನ್ಯಾಗೂ ಎಲ್ಲಾರೂ ಇದ ಮಾತಾಡಾಕ ಹತ್ಯಾರ. ಇಕಿನ್ನ ಒಂದೀಟು ದಿನ ತಳಕಲ್ಲಿಗೆ ಕಳಿಸೂಣು ಬೇ. ಮಂದಿ ಬಾಯಿ ಮುಚ್ಚಲಿ."

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ!" ಮಾರೆವ್ವ ಪಿಸುಮಾತು ಮರೆತಳು. "ಕೊಟ್ಟಾಕಿ ನಾನು, ತಂದಾಂವ ಹುಲಿಗೆಪ್ಪ, ಗಾಡಿ ಹೊಡದಾಂವ ನೀನು. ತಳಕಲ್ಲಿಗೆ ಹೋಗಾಕಿ ಆಕಿ? ಬರಿ ಹಾಕೂದಿದ್ರ ತಗೋ, ನನ್ನ ಕೈಗೆ ಹಾಕು. ಹೊಕ್ಕಳದ ಸುತ್ತ ಮೂರು ಬರಿ ಹೊತ್ಕೊಂಡು ಅಡ್ಡಾಡಾಂವಗ ನಿನಗರ ತಿಳೀಬೇಕಲೇ ಕೂಸಿನ ನೋವು!"

ಗವಿಸಿದ್ದೇಶ ಅಂಗಿಯ ಮೇಲಿಂದಲೇ ಹೊಟ್ಟೆ ಮುಟ್ಟಿಕೊಂಡ. ಆಮೇಲೆ ಒಳಗೆ ಹೋಗಿ ಕವಿತಾಳ ಮಂಚದ ಹತ್ತಿರ ನೆಲದ ಮೇಲೆ ಕೂತ.

ಕೂಸು ಸುಧಾರಿಸಿತು. ಅಳು ಕೂಸಿನ ಅಳುವಾಯಿತು. ಅದು ಹುಟ್ಟಿದ ಹನ್ನೆರಡನೇ ದಿನ ಅಮಾವಾಸ್ಯೆ ಬಂತು. ಅವತ್ತು ಅದು ಹೊಟ್ಟೆ ತುಂಬ ಹಾಲು ಕುಡಿದು, ಅಜ್ಜಿಯ ಬೆರಳು ಹಿಡಿದುಕೊಂಡೇ ಮಲಗಿತು. ಮಾರೆವ್ವ ಬೆರಳು ಬಿಡಿಸಿಕೊಳ್ಳಲಿಲ್ಲ. ಕೂತಲ್ಲಿಯೇ ಕ್ಯಾಂಪಿನ ಶೆಡ್ಡುಗಳಲ್ಲಿ ಆ ಹೊತ್ತಿಗೆ ಮುಲುಗುತ್ತಿರುವ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೆನೆದಳು. ಅವರಲ್ಲಿ ಇಬ್ಬರು ಬಸುರಿಯರಿದ್ದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಳು. ಹೊಲದ ಬದುವಿನ ಮೇಲೆ ಗ್ಯಾಂಗು ನಿಂತಿತ್ತು. ಮಡಿಯಲ್ಲಿ ನೀರು, ಬದುವಿನ ಮೇಲೆ ಸಸಿಯ ಸೂಡು, ಆದರೆ ಯಾರೂ ಇಳಿದಿರಲಿಲ್ಲ. ಆಕಳಿಸುತ್ತ, ಮೂಗೊರೆಸಿಕೊಳ್ಳುತ್ತ, ತೋಳು ತಿಕ್ಕಿಕೊಳ್ಳುತ್ತ ಎಲ್ಲರೂ ದಾರಿ ನೋಡುತ್ತಿದ್ದರು. ಹುಲಿಗೆಪ್ಪ ಆಗಷ್ಟೇ ಕ್ಯಾನು ಇಳಿಸಿ, ಜೇಬಿನಿಂದ ಗುಳಿಗೆಯ ಪಟ್ಟಿಗಳನ್ನು ತೆಗೆದಿದ್ದ. ಗವಿಸಿದ್ದೇಶ ಟಂಟಂನಲ್ಲೇ ಕೂತಿದ್ದ.

"ಬಾ ಅಕ್ಕಾ," ಎಂದ ಹುಲಿಗೆಪ್ಪ ನಗುತ್ತ. "ಕೂಸು ಆರಾಮ ಅಂತಲ್ಲ. ನಿನ್ನ ಸೊಸಿ ಚಟ ಬಿಟ್ಲೇನು?"

ಮಾರೆವ್ವ ಅವನ ಕಡೆ ನೋಡಲೂ ಇಲ್ಲ. ಹೆಂಗಸರ ಎದುರು ಹೋಗಿ ಟೊಂಕದ ಮೇಲೆ ಕೈಯಿಟ್ಟು ನಿಂತಳು.

"ನಿನ್ನಿ ಯಾರ್ಯಾರಿಗೆ ಅಮಾಸಿ ಜ್ವರ ಬಂದಿತ್ತು, ಕೈ ಎತ್ರಿ."

ಒಬ್ಬರನ್ನೊಬ್ಬರು ನೋಡಿಕೊಂಡು ಕೈ ಎತ್ತಿದರು. ಎತ್ತದವರು ಯಾರೂ ಇರಲಿಲ್ಲ.

"ನಮ್ಮಕ್ಕ ಗಾಳೆಮ್ಮಗ ಎಂದರ ಬಂದೈತೇನು? ಆಕಿ ಶೆಡ್ಡಿನ್ಯಾಗ ಇರಾಕಿ, ಬದುವಿನ ಚಾ ಕುಡಿದಾಕಿ ಅಲ್ಲ. ಈ ಹುಲಿಗೆಪ್ಪಗ ಬಂದೈತೇನು? ದಿನಾ ಗುಳಿಗಿ ತರ್ತಾನ, ಒಂದ ದಿನ ತಾ ನುಂಗಿದ್ದು ನೋಡೀರೇನು? ಬೇವೂರಾಗ ಇದ್ದಾಗ ನಮಗರ ಬಂದಿತ್ತೇನು? ಅಮಾಸಿ ಏನು ಕೆಸರಾಗ ನಿಂತೋರ ಹೆಸರು ಕೇಳಿ ಬರ್ತೈತೇನ್ರೆ?"

ಎತ್ತಿದ ಕೈಗಳು ಮೆಲ್ಲಗೆ ಇಳಿದವು.

"ಅದು ಅಮಾಸಿ ಜ್ವರ ಅಲ್ಲ, ಗುಳಿಗಿ ತಪ್ಪಿದ ಜ್ವರ. ಹೆಸರಿಟ್ಟಾಕಿ ನಾನು, ತಪ್ಪು ಹೆಸರಿಟ್ಟೆ. ನನ್ನ ಮೊಮ್ಮಗಳು ಅದ ಜ್ವರ ಹೊತ್ಕೊಂಡು ಹುಟ್ಟಿದ್ಲು." ಮಾರೆವ್ವ ಸಾಲಿನ ತುದಿಯತ್ತ ತಿರುಗಿದಳು. ಇನ್ನು ಹೇಳಬೇಕಾದದ್ದು ಮೇಜಿನ ಮೇಲೆ ಡಬ್ಬಿ ಸುರಿದಷ್ಟು ಸುಲಭವಿರಲಿಲ್ಲ. "ಹುಲಗಮ್ಮಾ, ನಿನ್ನ ಕೂಸೂ ಹಂಗ ಹುಟ್ಟಿತ್ತು. ಅಮಾಸಿ ಒಯ್ತು ಅಂತ ಹೇಳಿದ್ನಲ್ಲ, ಸುಳ್ಳದು."

ಹುಲಗಮ್ಮ ಸಾಲಿನ ತುದಿಯಲ್ಲಿದ್ದಳು. ತೆಳ್ಳಗಿನ ಹೆಂಗಸು. ಹೋದ ವರ್ಷದಿಂದ ಹಾಡಿಗೂ ದನಿಗೂಡಿಸಿದವಳಲ್ಲ. ಅವಳು ನಿಧಾನಕ್ಕೆ ಬಂದು ಮಾರೆವ್ವನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ನನ್ನ ಕೂಸಿನ ಕಾಲು ಹಿಡದಾಕಿ ನೀನು."

"ಹೌದು, ನಾನು."

"ಅದು ಒದರಾಕ ಹತ್ತಿದ್ರೂ ಬಿಡಲಿಲ್ಲ ನೀನು."

"ಬಿಡಲಿಲ್ಲ. ನಿನ್ನ ಕೈಲೆ ಹೊಡಿಸ್ಕೊಳ್ಳಾಕ ಬಂದೀನಿ, ಹೊಡಿ. ತಪ್ಪಾತು ಅಂತ ನಾ ಕೇಳಂಗಿಲ್ಲ, ಕೇಳಿದ್ರೂ ನೀ ಒಪ್ಪಬ್ಯಾಡ. ಆದ್ರ ಹೊಡದು ಆದ ಮ್ಯಾಲ ನನ್ನ ಕೂಡ ಗಂಗಾವತಿಗೆ ಬಾ. ಡಾಕ್ಟರಮ್ಮನ ಮುಂದ ನಿನ್ನ ಬಾಯಿಲೆ ಹೇಳು. ನಾ ಒಬ್ಬಾಕಿ ಹೇಳಿದ್ರ ಮುದುಕಿ ಹುಚ್ಚು ಅಂತಾರ, ಇಲ್ಲಾ ಸೊಸಿ ಚಟ ಅಂತಾರ. ಹದಿನೆಂಟು ಮಂದಿ ಹೇಳಿದ್ರ ಏನಂತಾರ ನೋಡೇಬಿಡೂಣು."

ಹುಲಗಮ್ಮನ ಕೈ ಮೇಲೆದ್ದಿತು. ಮಾರೆವ್ವ ಕಣ್ಣು ಮುಚ್ಚಲಿಲ್ಲ. ಆ ಕೈ ಅವಳ ಕೆನ್ನೆಯವರೆಗೆ ಬಂದು ಪಕ್ಕಕ್ಕೆ ಸರಿದು, ಹುಲಿಗೆಪ್ಪನ ಕೈಯಲ್ಲಿದ್ದ ಪಟ್ಟಿಗಳನ್ನೆಲ್ಲ ಒಂದೇ ಏಟಿಗೆ ಕಿತ್ತುಕೊಂಡಿತು. ಹುಲಗಮ್ಮ ಅವನ್ನು ಕುಪ್ಪಸದೊಳಗೆ ತುರುಕಿಕೊಂಡಳು.

"ಏ, ಏ! ಕೊಡ ಇಲ್ಲಿ!" ಹುಲಿಗೆಪ್ಪ ಮುಂದೆ ಬಂದ. ಕೈ ಹಾಕುವ ಜಾಗವಲ್ಲವೆಂದು ತಿಳಿದು ಅಲ್ಲೇ ನಿಂತ.

"ಒಗಿಬ್ಯಾಡ ಅದನ್ನ," ಎಂದಳು ಮಾರೆವ್ವ. "ಡಾಕ್ಟರಮ್ಮಗ ತೋರಸಬೇಕು. ಒಮ್ಮೆಲೆ ಬಿಟ್ರೂ ಮೈಗೆ ತ್ರಾಸು, ಅವರು ಹೇಳಿದಂಗ ಬಿಡಬೇಕು."

ಹುಲಗಮ್ಮ ಟಂಟಂ ಹತ್ತಿದಳು. ಅವಳ ಹಿಂದೆ ಇಬ್ಬರು ಬಸುರಿಯರು ಹತ್ತಿದರು. ಆಮೇಲೆ ಇನ್ನಿಬ್ಬರು. ಉಳಿದವರಲ್ಲಿ ಕೆಲವರು ಚಹಾದ ಕ್ಯಾನು ನೋಡಿದರು, ಮಡಿಯನ್ನು ನೋಡಿದರು, ನಿಂತೇ ಇದ್ದರು. ಯಾರೂ ಹೇಳದೆಯೇ ಗವಿಸಿದ್ದೇಶ ಗಾಡಿ ಚಾಲೂ ಮಾಡಿದ. ಆ ಸದ್ದಿಗೆ ಮತ್ತೆ ಆರು ಮಂದಿ ಓಡಿ ಬಂದರು.

"ಸಸಿ ಒಣಗತಾವು! ಈ ಮಡಿ ಯಾರ ಹಚ್ಚಬೇಕ?" ಎಂದು ಹುಲಿಗೆಪ್ಪ ಕೂಗಿದ.

"ನೀನ ಹಚ್ಚು," ಎಂದಳು ಹುಲಗಮ್ಮ ಗಾಡಿಯೊಳಗಿಂದ. "ಟೊಂಕ ನೊಂದ್ರ ಹೇಳು, ಗುಳಿಗಿ ನನ್ನ ಹತ್ತಿರ ಅದಾವು."

ಟಂಟಂ ತುಂಬ ನಗೆ ಎದ್ದಿತು. ಮೂಗು ಸೋರುತ್ತಿದ್ದವರು, ಕಾಲು ಸೆಳೆಯುತ್ತಿದ್ದವರು, ಎಲ್ಲರೂ ನಕ್ಕರು. ಹುಲಗಮ್ಮ ಮಾತ್ರ ನಗಲಿಲ್ಲ. ದಾರಿಯುದ್ದಕ್ಕೂ ಮಾರೆವ್ವನ ಪಕ್ಕದಲ್ಲಿ, ಮೈಗೆ ಮೈ ತಾಗದ ಹಾಗೆ ಕೂತಿದ್ದಳು.

ಆಸ್ಪತ್ರೆಯಲ್ಲಿ ಹನ್ನೊಂದು ಜನ ಕೆಸರುಗಾಲಿನ ಹೆಂಗಸರನ್ನು ಒಟ್ಟಿಗೆ ಕಂಡು ಡಾಕ್ಟರು ದ್ರಾಕ್ಷಾಯಿಣಿ ಎದ್ದು ನಿಂತರು. ಬಸುರಿಯರನ್ನು ಮೊದಲು ಕೂರಿಸಿ ಅವರ ಹೆಸರು ಬರೆದುಕೊಂಡರು. ಕವಿತಾ ಕೂಸನ್ನು ಎದೆಗವುಚಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಹುಲಗಮ್ಮ ಆ ಕೂಸನ್ನೇ ನೋಡುತ್ತಿದ್ದಳು. ಅದರ ಬಿಚ್ಚಿದ ಅಂಗೈ ಕವಿತಾಳ ತಾಳಿಯ ಮೇಲೆ ಇತ್ತು.

ಹುಲಗಮ್ಮ ತನ್ನ ಸರದಿ ಬಂದಾಗ ಗುಳಿಗೆಯ ಪಟ್ಟಿಗಳನ್ನು ಮೇಜಿನ ಮೇಲಿಟ್ಟಳು. "ನಂದು ಆಮ್ಯಾಲ ಬರಕೊಳ್ರಿ. ಮೊದ್ಲ ನನ್ನ ಕೂಸಿಂದು ಬರಕೊಳ್ರಿ."

"ಕೂಸು ಎಲ್ಲೈತಿ?" ಎಂದು ಕೇಳಿದ ಡಾಕ್ಟರು ಅವಳ ಮುಖ ನೋಡಿ ಪೆನ್ನು ಎತ್ತಿದರು. "ಹೆಸರು?" ಎಂದರು.

"ಇಡೂದರೊಳಗ ಹೋತ್ರಿ. ಹುಲಗಮ್ಮನ ಮಗ ಅಂತ ಬರೀರಿ. ಆರು ದಿನ ಇದ್ದ. ಹೊಟ್ಟಿ ಮ್ಯಾಲ ನಾಕು ಬರಿ ಇದ್ವು." ಮಾರೆವ್ವ ಹಿಂದಿನಿಂದ ಅವಳ ಭುಜ ಹಿಡಿದಳು. ಹುಲಗಮ್ಮ ಆ ಕೈಯನ್ನು ತಳ್ಳಲಿಲ್ಲ, ತಿರುಗಿಯೂ ನೋಡಲಿಲ್ಲ. ಡಾಕ್ಟರು ಬರೆದು ಮುಗಿಸಿ ಪೆನ್ನು ಕೆಳಗಿಡುವಾಗ ಹುಲಗಮ್ಮ ಮೇಜಿಗೆ ಬೊಟ್ಟಿಟ್ಟು ಮತ್ತೆ ಹೇಳಿದಳು:

"ಇನ್ನೊಂದು ಬರೀರಿ. ಅಂವನ್ನ ಅಮಾಸಿ ಒಯ್ದಿಲ್ಲ."